ಮನೆಯೊಳಗಿನ ಆರ್ಕಿಡ್‌ಗೆ ಕೀಟ ಹತ್ತಿದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಪೂರ್ವದ ಕಿಟಕಿಯ ಬಳಿ ಎರಡು ಫೆಲನಾಪ್ಸಿಸ್ ಆರ್ಕಿಡ್ ಕುಂಡಗಳನ್ನು ಇಟ್ಟುಕೊಂಡಿದ್ದೇನೆ. ಎಲೆಗಳ ಬುಡದಲ್ಲಿ ಹತ್ತಿಯ ಎಳೆಯಂಥ ಬಿಳಿ ಉಂಡೆಗಳು ಕಾಣಿಸುತ್ತವೆ. ಒರೆಸಿ ತೆಗೆದರೆ ಕೆಲವು ದಿನಗಳಲ್ಲಿ ಮತ್ತೆ ಬರುತ್ತವೆ. ಈಗ ಇರುವೆಗಳೂ ಹತ್ತತೊಡಗಿವೆ. ಏನು ಮಾಡಬೇಕು?
— ಓದುಗರೊಬ್ಬರು, ಕಲಬುರಗಿ

ಉತ್ತರ: ನೀವು ಹೇಳುವ ಲಕ್ಷಣಗಳೆಲ್ಲ ಹಿಟ್ಟು ತಿಗಣೆಯವು. ಒರೆಸಿದರೂ ಅದು ಮರಳಿ ಬರುವುದಕ್ಕೆ ಕಾರಣವಿದೆ. ನಿಮ್ಮ ಕಣ್ಣಿಗೆ ಬಿದ್ದ ಬಿಳಿ ಉಂಡೆಗಳು ಬಹುಪಾಲು ದೊಡ್ಡ ಹೆಣ್ಣು ತಿಗಣೆಗಳು ಮತ್ತು ಅವುಗಳ ಮೊಟ್ಟೆಯ ಚೀಲಗಳು ಮಾತ್ರ. ಮೊಟ್ಟೆಯೊಡೆದು ಹೊರಬಂದ ಮರಿಗಳು ಬರಿಗಣ್ಣಿಗೆ ಸುಲಭವಾಗಿ ಕಾಣದಷ್ಟು ಚಿಕ್ಕವಾಗಿದ್ದು, ಎರಡು ಎಲೆಗಳು ಕೂಡುವ ಸಂದಿನಲ್ಲಿ, ಎಲೆಯ ಹಿಂಬದಿಯ ನಡುನರದ ಉದ್ದಕ್ಕೂ, ಹೂವಿನ ದಂಟಿನ ಗೆಣ್ಣುಗಳನ್ನು ಮುಚ್ಚಿರುವ ಸಣ್ಣ ಪೊರೆಯ ಕೆಳಗೆ ಅಡಗಿರುತ್ತವೆ. ಒಮ್ಮೆ ಎಷ್ಟೇ ಚೆನ್ನಾಗಿ ಒರೆಸಿದರೂ ಈ ಮರಿಗಳು ಉಳಿದುಬಿಡುತ್ತವೆ. ಆದ್ದರಿಂದ ಹೆಚ್ಚು ಬಿರುಸಾದ ಔಷಧಿಯನ್ನು ಹುಡುಕುವ ಬದಲು, ಸೌಮ್ಯವಾದ ಉಪಚಾರವನ್ನೇ ವಾರಕ್ಕೊಮ್ಮೆ ತಪ್ಪದೆ ಕನಿಷ್ಠ ನಾಲ್ಕು ವಾರ ಮುಂದುವರಿಸಬೇಕು ಎಂಬುದು ನನ್ನ ದೃಢವಾದ ಸಲಹೆ.

ಮೊದಲು ಹುಳು ಹತ್ತಿದ ಕುಂಡವನ್ನು ಉಳಿದ ಗಿಡಗಳಿಂದ ಬೇರೆ ಕೋಣೆಗೆ ಸರಿಸಿ. ಔಷಧಿ ಅಂಗಡಿಯಲ್ಲಿ ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಎಂದು ಬಾಟಲಿಯ ಮೇಲೆ ಮುದ್ರಿಸಿರುವುದನ್ನೇ ಕೇಳಿ ಪಡೆಯಿರಿ. ಕಿವಿ ಸ್ವಚ್ಛಗೊಳಿಸುವ ಹತ್ತಿಯ ಕಡ್ಡಿಯನ್ನು ಅದರಲ್ಲಿ ಅದ್ದಿ ಬಿಳಿ ಉಂಡೆಯ ಮೇಲೆ ಒತ್ತಿದರೆ ಮೇಣದ ಹೊದಿಕೆ ಕರಗಿ, ಒಳಗಿರುವ ಹುಳುವಿನ ನಿಜವಾದ ಬಣ್ಣ ಕಾಣಿಸಿಕೊಳ್ಳುತ್ತದೆ. ಆಗ ಅದನ್ನು ಎತ್ತಿ ತೆಗೆಯಿರಿ. ಕಡ್ಡಿಯನ್ನು ಎಲೆಯ ಬುಡದ ಸಂದಿನೊಳಗೆ ನಿಧಾನವಾಗಿ ಆಡಿಸಬೇಕು; ಅವಸರ ಮಾಡಿದರೆ ಎಲೆ ಸೀಳುತ್ತದೆ. ಸ್ಪಿರಿಟ್ಟನ್ನು ಅರಳಿದ ಹೂವಿಗೂ ಬೇರಿನ ಹಸಿರು ತುದಿಗೂ ತಾಗಿಸಬೇಡಿ. ಅದು ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ಈ ಕೆಲಸವನ್ನು ಅಡುಗೆಮನೆಯ ಒಲೆಯ ಹತ್ತಿರವಾಗಲಿ ದೇವರ ಮನೆಯ ದೀಪದ ಹತ್ತಿರವಾಗಲಿ ಮಾಡಲೇಬಾರದು.

ಮೂರು ದಿನ ಬಿಟ್ಟು ಬೇವಿನ ಎಣ್ಣೆಯನ್ನು ಸಿಂಪಡಿಸಬಹುದು. ಒಂದು ಲೀಟರ್ ಉಗುರುಬೆಚ್ಚನೆಯ ನೀರಿಗೆ 5 ಮಿಲಿಲೀಟರ್ ಎಣ್ಣೆ ಸಾಕು. ಎಣ್ಣೆಯನ್ನು ನೇರವಾಗಿ ನೀರಿಗೆ ಸುರಿದರೆ ಅದು ಮೇಲೆ ತೇಲಿ, ಒಂದೊಂದು ಎಲೆಗೆ ಬರೀ ಎಣ್ಣೆಯೇ ಬಿದ್ದು ಸುಟ್ಟ ಕಲೆಗಳಾಗುತ್ತವೆ. ಹಾಗಾಗಿ ಎಣ್ಣೆಗೆ ಮೊದಲು ಕೆಲವು ಹನಿ ಸೌಮ್ಯವಾದ ದ್ರವ ಸೋಪನ್ನು ಬೆರೆಸಿ, ಅದು ಹಾಲಿನಂತಾಗುವವರೆಗೆ ಸ್ವಲ್ಪ ಸ್ವಲ್ಪವೇ ನೀರು ಸೇರಿಸುತ್ತ ಕಲಕಬೇಕು. ಬಟ್ಟೆ ಒಗೆಯುವ ಪುಡಿಯನ್ನು ಬಳಸಬಾರದು. ಬೆರೆಸಿದ್ದನ್ನು ಅಂದೇ ಬಳಸಿ ಮುಗಿಸಿ, ಮೊದಲ ಸಲ ಒಂದೇ ಎಲೆಗೆ ಹಚ್ಚಿ ಎರಡು ದಿನ ಕಾದು ನೋಡಿ. ನಮ್ಮ ಭಾಗದ ಬೇಸಿಗೆಯಲ್ಲಿ ಬಿಸಿಲು ಪೂರ್ತಿ ಇಳಿದ ಮೇಲೆಯೇ ಸಿಂಪಡಿಸಬೇಕು. ಹಗಲಿನ ಬಿಸಿಯಲ್ಲಿ ಎಣ್ಣೆ ಬಿದ್ದ ಎಲೆ ಉಳಿಯುವುದಿಲ್ಲ. ಸಿಂಪಡಿಸಿದ ನಂತರ ಫೆಲನಾಪ್ಸಿಸ್ ಗಿಡದ ನಡುವಿನ ಸುಳಿಯಲ್ಲಿ ನಿಂತ ನೀರನ್ನು ಕಾಗದದ ಕರವಸ್ತ್ರದ ಮೂಲೆಯಿಂದ ಹೀರಿ ತೆಗೆಯಿರಿ. ತಿಗಣೆಗಿಂತ ಸುಳಿ ಕೊಳೆಯುವ ರೋಗವೇ ಈ ಗಿಡವನ್ನು ಬೇಗ ಕೊಲ್ಲುತ್ತದೆ.

ಇನ್ನು ಇರುವೆಗಳ ವಿಷಯ. ತಿಗಣೆಗಳು ಸಸ್ಯರಸವನ್ನು ಹೀರಿ ಸಿಹಿಯಾದ ಅಂಟನ್ನು ಹೊರಹಾಕುತ್ತವೆ. ಅದನ್ನು ತಿನ್ನಲು ಬರುವ ಇರುವೆಗಳು ತಿಗಣೆಗಳನ್ನು ಅವುಗಳ ಶತ್ರುಗಳಿಂದ ಕಾಯುತ್ತವೆ, ಕೆಲವೊಮ್ಮೆ ಮರಿಗಳನ್ನು ಬೇರೆ ಗಿಡಗಳಿಗೂ ಸಾಗಿಸುತ್ತವೆ. ಶಹಾಬಾದ್ ಪರಸಿ ಹಾಸಿದ ಮನೆಗಳಲ್ಲಿ ಕಲ್ಲಿನ ಸಂದುಗಳೇ ಇರುವೆಯ ದಾರಿಯಾಗಿರುವುದರಿಂದ ಕುಂಡವನ್ನು ನೆಲದ ಮೇಲೆ ಇಡದೆ, ಅಗಲವಾದ ತಟ್ಟೆಯಲ್ಲಿ ನೀರು ತುಂಬಿ, ಅದರ ನಡುವೆ ಬಟ್ಟಲೊಂದನ್ನು ಬೋರಲು ಹಾಕಿ, ಅದರ ಮೇಲೆ ಇಡಿ. ಕುಂಡದ ತಳ ನೀರಿಗೆ ತಾಗಬಾರದು. ಸೊಳ್ಳೆ ಮೊಟ್ಟೆ ಇಡದಂತೆ ನೀರನ್ನು ಎರಡು ದಿನಕ್ಕೊಮ್ಮೆ ಬದಲಿಸಿ.

ಇಷ್ಟೆಲ್ಲ ಮಾಡಿದರೂ ತಿಗಣೆ ಕಡಿಮೆಯಾಗದಿದ್ದರೆ ಅದು ಬೇರಿನಲ್ಲಿ ಸೇರಿಕೊಂಡಿದೆ ಎಂದು ತಿಳಿಯಬೇಕು. ಗಿಡವನ್ನು ಕುಂಡದಿಂದ ಹೊರತೆಗೆದು, ಹಳೆಯ ತೊಗಟೆ, ಇದ್ದಿಲು, ತೆಂಗಿನ ಸಿಪ್ಪೆಯನ್ನು ಪೂರ್ತಿ ಎಸೆದು, ಬೇರುಗಳನ್ನು ಹರಿಯುವ ನೀರಿನಲ್ಲಿ ತೊಳೆಯಿರಿ. ಒತ್ತಿದರೆ ಮೆತ್ತಗಾಗುವ ಟೊಳ್ಳು ಬೇರುಗಳನ್ನು ಕತ್ತರಿಸಿ, ಹೊಸ ಮಿಶ್ರಣದಲ್ಲಿ ನೆಡಿ. ಹಳೆಯ ಕುಂಡವನ್ನೇ ಬಳಸುವುದಾದರೆ ಸೋಪು ಹಾಕಿ ಉಜ್ಜಿ ತೊಳೆದು ಬಿಸಿಲಲ್ಲಿ ಒಣಗಿಸಿ.

ಪ್ರಶ್ನೆ: ನನ್ನ ಡೆಂಡ್ರೋಬಿಯಂ ಗಿಡದ ಕಾಂಡದ ಮೇಲೆ ಕಂದು ಬಣ್ಣದ ಸಣ್ಣ ಚಿಪ್ಪುಗಳಿವೆ. ಪಕ್ಕದ ಫೆಲನಾಪ್ಸಿಸ್‌ನ ಹೂದಂಟಿನ ಮೇಲೆ ಅಂಟಾದ ಹನಿಗಳು ಕಾಣುತ್ತಿವೆ. ಎರಡೂ ಒಂದೇ ಕೀಟದ ಕೆಲಸವೇ?
— ಓದುಗರೊಬ್ಬರು, ಬೀದರ್

ಉತ್ತರ: ಹಾಗೆಂದು ಹೇಳಲಾಗದು. ಚಿಪ್ಪನ್ನು ಉಗುರಿನಿಂದ ಮೀಟಿ ನೋಡಿ. ಪೊರೆಯಂತೆ ಎದ್ದುಬಂದು ಕೆಳಗೆ ಹಸಿಯಾದ ದೇಹ ಕಂಡರೆ ಅದು ಶಲ್ಕ ಕೀಟ. ಪುಡಿಪುಡಿಯಾಗಿ ಉದುರುವ ಬಿಳಿ ಕಲೆಯಾಗಿದ್ದರೆ ಕೊಳವೆ ಬಾವಿಯ ಗಡುಸು ನೀರು ಒಣಗಿ ಉಳಿದ ಸುಣ್ಣದ ಗುರುತು. ಅದಕ್ಕೆ ಔಷಧಿ ಬೇಡ. ಶಲ್ಕ ಕೀಟವಾದರೆ ಡೆಂಡ್ರೋಬಿಯಂ ಕಾಂಡವನ್ನು ಸುತ್ತಿರುವ ಒಣಗಿದ ಪೊರೆಯನ್ನು ಕೆಳಗಿನಿಂದ ಮೇಲಕ್ಕೆ ಜಾಗರೂಕತೆಯಿಂದ ಸುಲಿಯಿರಿ. ಬಹುಪಾಲು ಕೀಟಗಳು ಅದರ ಕೆಳಗೇ ಇರುತ್ತವೆ. ಮೃದುವಾದ ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟ್‌ನಲ್ಲಿ ಅದ್ದಿ ಉಜ್ಜಿ ತೆಗೆದ ಮೇಲೆ, ಮೇಲೆ ಹೇಳಿದ ವಾರದ ಕ್ರಮವನ್ನೇ ಅನುಸರಿಸಿ. ಸತ್ತ ಕೀಟದ ಚಿಪ್ಪು ಗಿಡಕ್ಕೆ ಅಂಟಿಕೊಂಡೇ ಇರುವುದರಿಂದ, ಉಜ್ಜಿ ತೆಗೆಯದಿದ್ದರೆ ಉಪಚಾರ ಫಲಿಸಿತೋ ಇಲ್ಲವೋ ಎಂಬುದೇ ಗೊತ್ತಾಗುವುದಿಲ್ಲ.

ಹೂದಂಟಿನ ಹನಿಗಳನ್ನು ಕಂಡು ಗಾಬರಿಯಾಗಬೇಡಿ. ಆರೋಗ್ಯವಾಗಿರುವ ಆರ್ಕಿಡ್‌ಗಳೂ ಮೊಗ್ಗಿನ ಬಳಿ ಮತ್ತು ದಂಟಿನ ಮೇಲೆ ಸಿಹಿಯಾದ ರಸವನ್ನು ಒಸರುತ್ತವೆ. ಸುತ್ತಮುತ್ತ ಹುಳುವಾಗಲಿ ಕಪ್ಪು ಬೂಷ್ಟಾಗಲಿ ಇಲ್ಲದಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಪ್ರಶ್ನೆ: ಏಪ್ರಿಲ್ ಬಂತೆಂದರೆ ಆರ್ಕಿಡ್ ಎಲೆಗಳ ಹಿಂಬದಿ ಬೆಳ್ಳಿಯ ಬಣ್ಣಕ್ಕೆ ತಿರುಗಿ, ಹೊಳಪು ಹೋಗುತ್ತದೆ. ಹುಳು ಮಾತ್ರ ಕಾಣುವುದಿಲ್ಲ.
— ಓದುಗರೊಬ್ಬರು, ಸೇಡಂ

ಉತ್ತರ: ಇದು ಬಹುಶಃ ನುಸಿ. ನುಸಿ ಕೀಟವಲ್ಲ, ಜೇಡನ ಬಳಗದ ಎಂಟು ಕಾಲಿನ ಜೀವಿ; ಆದ್ದರಿಂದ ಕೀಟಗಳಿಗೆಂದೇ ಮಾಡಿದ ಎಷ್ಟೋ ಔಷಧಿಗಳು ಇದರ ಮೇಲೆ ಕೆಲಸ ಮಾಡುವುದಿಲ್ಲ. ಬಿಳಿಯ ಕಾಗದದ ಮೇಲೆ ಎಲೆಯನ್ನು ಹಿಡಿದು ಮೆಲ್ಲಗೆ ತಟ್ಟಿರಿ. ಉದುರಿದ ಧೂಳಿನ ಕಣಗಳು ನಿಧಾನವಾಗಿ ಹರಿದಾಡಿದರೆ ಅನುಮಾನವೇ ಬೇಡ. ನುಸಿಗೆ ಬೇಕಾಗಿರುವುದು ಬಿಸಿ ಮತ್ತು ಒಣ ಗಾಳಿ, ಅದು ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ ಧಾರಾಳವಾಗಿದೆ. ವಾರಕ್ಕೆರಡು ಸಲ ಬೆಳಗಿನ ಹೊತ್ತು ಎಲೆಯ ಎರಡೂ ಬದಿಗಳನ್ನು ನೀರಿನಿಂದ ತೊಳೆದು ಒರೆಸುವುದೇ ಮೊದಲ ಮತ್ತು ಮುಖ್ಯ ಉಪಚಾರ. ಅದರಿಂದಲೂ ತಗ್ಗದಿದ್ದರೆ ಬೇವಿನ ಎಣ್ಣೆ. ಗಂಧಕದ ಪುಡಿಯನ್ನು ಎಣ್ಣೆ ಸಿಂಪಡಿಸಿದ ಎರಡು ವಾರದೊಳಗೆ ಬಳಸಬಾರದು, ಬಿರುಬೇಸಿಗೆಯಲ್ಲಂತೂ ಬಳಸಲೇಬಾರದು, ಎಲೆ ಸುಡುತ್ತದೆ.

ಕುಂಡದ ಕೆಳಗೆ ಬೆಣಚುಕಲ್ಲು ಹರಡಿದ ನೀರಿನ ತಟ್ಟೆ ಇಟ್ಟರೆ ಗಿಡದ ಸುತ್ತ ತುಸು ತೇವ ಉಳಿಯುತ್ತದೆ. ಗಿಡ ತೊಳೆಯಲೆಂದು ನೀರು ಶುದ್ಧೀಕರಿಸುವ ಯಂತ್ರದಿಂದ ಹೊರಬೀಳುವ ತ್ಯಾಜ್ಯ ನೀರನ್ನು ಮಾತ್ರ ಬಳಸಬೇಡಿ. ನೀರು ಉಳಿಸುವ ನಿಮ್ಮ ಕಾಳಜಿ ದೊಡ್ಡದೇ, ಆದರೆ ಆ ನೀರಿನಲ್ಲಿ ಲವಣ ಸಾಂದ್ರವಾಗಿರುವುದರಿಂದ ಆರ್ಕಿಡ್ ಬೇರಿನ ತುದಿಗಳು ಕಪ್ಪಾಗುತ್ತವೆ.

ಪ್ರಶ್ನೆ: ಹೊಲದ ಹತ್ತಿಗೆ ತಂದ ಔಷಧಿ ಮನೆಯಲ್ಲಿ ಉಳಿದಿದೆ. ಅದನ್ನೇ ತೆಳುವಾಗಿಸಿ ಆರ್ಕಿಡ್‌ಗೆ ಹೊಡೆಯಬಹುದೇ?
— ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ದಯವಿಟ್ಟು ಹೊಡೆಯಬೇಡಿ. ಡಬ್ಬಿಯ ಮೇಲೆ ಮೂಲೆಯ ಮೇಲೆ ನಿಂತಂತಿರುವ ಚೌಕವೊಂದಿರುತ್ತದೆ. ಅದರ ಕೆಳಗಿನ ತ್ರಿಕೋನ ಕೆಂಪಾಗಿದ್ದರೆ ಅತ್ಯಂತ ವಿಷಕಾರಿ, ಹಳದಿಯಾಗಿದ್ದರೆ ಹೆಚ್ಚು ವಿಷಕಾರಿ ಎಂದರ್ಥ. ಬಯಲಿನಲ್ಲಿ ಮುಖ ಮುಚ್ಚಿಕೊಂಡು ಹೊಡೆಯಬೇಕಾದ ಈ ಔಷಧಿಗಳನ್ನು ಮಕ್ಕಳು ಮಲಗುವ, ಅಡುಗೆ ಬೇಯುವ ಮನೆಯೊಳಗೆ ಎಷ್ಟು ತೆಳುವಾಗಿಸಿದರೂ ಬಳಸುವುದು ತಪ್ಪು. ಅದಲ್ಲದೆ ಹೊಲದಲ್ಲಿ ಬಳಸುವ ಸೈಪರ್‌ಮೆಥ್ರಿನ್‌ನಂಥ ಔಷಧಿಗಳು ನುಸಿಯನ್ನು ತಿಂದು ಬದುಕುವ ಉಪಕಾರಿ ಜೀವಿಗಳನ್ನು ಕೊಂದು, ನುಸಿ ಇನ್ನಷ್ಟು ಹೆಚ್ಚಲು ದಾರಿ ಮಾಡಿಕೊಡುತ್ತವೆ.

ನಿಮ್ಮ ಗಿಡಕ್ಕೆ ಯಾವ ಕೀಟ ಹತ್ತಿದೆ ಎಂದು ನೀವು ಬರೆದಿಲ್ಲ. ಅದು ಗುರುತಿಗೆ ಸಿಗದಿದ್ದರೆ ಪೀಡಿತ ಎಲೆಯೊಂದನ್ನು ಬಾಯಿ ಕಟ್ಟಿದ ಚೀಲದಲ್ಲಿ ಹಾಕಿಕೊಂಡು ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ಗಿಡದ ಮುಕ್ಕಾಲು ಭಾಗ ಹಳದಿಯಾಗಿ, ಬೇರೂ ಉಳಿದಿಲ್ಲವಾದರೆ ಅದನ್ನು ಉಳಿಸಲು ಹೋಗಿ ಉಳಿದ ಗಿಡಗಳಿಗೂ ಹರಡಿಸುವುದು ಬೇಡ. ಕುಂಡದ ಮಿಶ್ರಣದ ಸಮೇತ ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಹಾಕಿ, ತಿಪ್ಪೆಗೆ ಎಸೆಯಬೇಡಿ. ಅದನ್ನು ಇಟ್ಟಿದ್ದ ಕಟ್ಟೆಯನ್ನು ಸೋಪಿನ ನೀರಿನಿಂದ ತೊಳೆದು, ಪಕ್ಕದಲ್ಲಿದ್ದ ಗಿಡಗಳ ಎಲೆಯ ಬುಡವನ್ನು ಮುಂದಿನ ಒಂದು ತಿಂಗಳು ವಾರಕ್ಕೊಮ್ಮೆ ನೋಡುತ್ತಿರಿ.