ಹರಕೆ ಹೊತ್ತ ಮೇಲೆ ಜ್ವರ ಇಳಿದರೆ ದೇವರಿದ್ದಾನೆ ಅಂತಾನಾ?

ಚಾಮುಂಡಿ ಬೆಟ್ಟಕ್ಕೆ ಹರಕೆ ಹೊತ್ತ ಮೇಲೇ ತಂಗಿಯ ಜ್ವರ ಇಳಿಯಿತು, ಅದೇ ಸಾಕ್ಷಿ ಅಂತಾರೆ ನಿಮ್ಮಜ್ಜಿ. ಮಾತ್ರೆಯಿಂದ ಇಳಿಯಿತು ಅಂತಾನೆ ಅಣ್ಣ. ಯಾರ ಮಾತು ಸರಿ ಅಂತ ಕೇಳಿದ್ದೀರಿ. ಜ್ವರದ ಮಟ್ಟಿಗೆ ನಾನು ಅಣ್ಣನ ಕಡೆ. ಹರಕೆ ಹೊತ್ತೂ ಇಳಿಯದ ಜ್ವರಗಳ ಲೆಕ್ಕ ಯಾರೂ ಇಡಲ್ಲ ಅಲ್ವಾ?

1995ರ ಸೆಪ್ಟೆಂಬರ್ 21. ಗಣಪತಿ ಹಾಲು ಕುಡಿಯುತ್ತಾನೆ ಅಂತ ದೇಶವೆಲ್ಲ ಸುದ್ದಿ. ಮಂಡ್ಯದ ನಮ್ಮ ಬೀದಿಯ ಗುಡಿಯಲ್ಲೂ ಸಾಲು. ಅಮ್ಮ ಚಮಚವನ್ನು ಸೊಂಡಿಲಿಗೆ ತಾಗಿಸಿದಾಗ ಹಾಲು ನಿಜಕ್ಕೂ ಕಡಿಮೆಯಾಯಿತು. ನಾನಿನ್ನೂ ಚಿಕ್ಕವನು, ನನ್ನ ಕಣ್ಣಿಗೆ ಬಿದ್ದದ್ದು ಮೂರ್ತಿಯ ಹೊಟ್ಟೆ. ಅದರ ಮೇಲೆ ತೆಳ್ಳಗೆ ಹಾಲು ಇಳಿಯುತ್ತಿತ್ತು. ಪಾದದ ಹತ್ತಿರದ ಗರಿಕೆ ಒದ್ದೆಯಾಗಿತ್ತು. ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ಇದನ್ನೇ ತೋರಿಸಿದರು. ಮೇಲ್ಮೈ ಎಳೆತ, ಅಂದರೆ ದ್ರವದ ಮೇಲ್ಪದರದ ಬಿಗಿತ, ಹಾಲನ್ನು ಚಮಚದಿಂದ ಸೆಳೆಯುತ್ತೆ, ಆಮೇಲೆ ಅದು ಕಲ್ಲಿನ ಮೇಲೆ ಪದರವಾಗಿ ಹರಿಯುತ್ತೆ.

ಪವಾಡ ಹೀಗೆ ಪರೀಕ್ಷೆಗೆ ಸಿಗುತ್ತೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿ ಎಚ್. ನರಸಿಂಹಯ್ಯ ಅದಕ್ಕೆಂದೇ ಸಮಿತಿ ಮಾಡಿದ್ದರು. ಆದರೆ ಅಮ್ಮನ ಭಕ್ತಿ ಆ ಚಮಚ ಹಾಲಿನ ಮೇಲೆ ನಿಂತಿರಲಿಲ್ಲ. ವಿಷಯ ಗೊತ್ತಾದ ಮೇಲೂ ಎಂದಿನಂತೆ ದೀಪ ಹಚ್ಚಿದರು. ಅವರಿಗೆ ಅದರಿಂದ ಸಿಗುತ್ತಿದ್ದ ಧೈರ್ಯ ನಿಜ. ದೇವರಿದ್ದಾನೆ ಅನ್ನೋದಕ್ಕೆ ಅಷ್ಟು ಸಾಲದು ಅಂತ ನನಗನಿಸುತ್ತೆ. ಹಾಗಂತ ಒಂದು ಪವಾಡ ಸುಳ್ಳಾದ ಮಾತ್ರಕ್ಕೆ ದೇವರೇ ಇಲ್ಲ ಅಂತಲೂ ಆಗಲ್ಲ.

ಜ್ವರ ಇಳಿಯದೇ ಇದ್ದಿದ್ದರೆ ನಂಬಿಕೆ ಬಿಡುತ್ತಿದ್ರಾ ಅಂತ ಅಜ್ಜಿಯನ್ನು ಮೆತ್ತಗೆ ಕೇಳಿ. ಏನು ಕಂಡರೆ ಒಪ್ಪುತ್ತೀಯ ಅಂತ ಅಣ್ಣನನ್ನೂ ಕೇಳಿ.