ಮನೆಯ ಹಳೆಯ ಕ್ಯಾಸೆಟ್‌ಗಳನ್ನು ಎಂಪಿ3 ಮಾಡಲು ಆನ್‌ಲೈನ್‌ನಲ್ಲಿ ಸಿಗುವ ಯುಎಸ್‌ಬಿ ಕ್ಯಾಸೆಟ್ ಕನ್ವರ್ಟರ್ ಸಾಕೆ?

ನೀವು ಬರೆದಿರುವ ಪ್ರಕಾರ ಊರಿನ ಮನೆಯ ಅಟ್ಟದಲ್ಲಿ ನಲವತ್ತರಷ್ಟು ಕ್ಯಾಸೆಟ್‌ಗಳಿವೆ: ಚಿತ್ರಗೀತೆ, ಭಾವಗೀತೆ, ಯಕ್ಷಗಾನ, ಜೊತೆಗೆ ಟೂ-ಇನ್-ಒನ್‌ನಲ್ಲಿ (ರೇಡಿಯೊ, ಕ್ಯಾಸೆಟ್ ಎರಡೂ ಇರುವ ಪ್ಲೇಯರ್) ಮನೆಯವರೇ ರೆಕಾರ್ಡ್ ಮಾಡಿದ ಅಜ್ಜಿಯ ಹಾಡುಗಳು. ವಾಕ್‌ಮನ್‌ನಂತೆ ಕಾಣುವ ಆ ಕನ್ವರ್ಟರ್ ಕೊಂಡು ಕೆಲಸ ಮುಗಿಸಬಹುದೇ ಎಂಬುದು ಪ್ರಶ್ನೆ.

ಸಾಲದು. ಅಜ್ಜಿಯ ಹಾಡುಗಳಿಗಂತೂ ಅದನ್ನು ಬಳಸಲೇಬೇಡಿ. ಅಂಥವುಗಳ ಒಳಗೆ ಇರುವುದು ಅಗ್ಗದ ಯಂತ್ರ. ವೇಗವನ್ನು ಸಮನಾಗಿಡುವ ಚಕ್ರ, ಫ್ಲೈವೀಲ್, ತೀರಾ ಚಿಕ್ಕದು, ಹಗುರ. ಹಾಗಾಗಿ ಟೇಪಿನ ವೇಗ ಸಮನಾಗಿ ನಿಲ್ಲುವುದಿಲ್ಲ. ಎಳೆದು ಹಾಡುವ ಸ್ವರ, ಹಾರ್ಮೋನಿಯಂ, ಕೊಳಲು ಎಲ್ಲವೂ ಅಲೆಯಾಡುತ್ತವೆ. ಆ ಅಲೆಯನ್ನು ಆಮೇಲೆ ಸಾಮಾನ್ಯ ಸಾಫ್ಟ್‌ವೇರ್‌ನಲ್ಲಿ ತೆಗೆಯಲಾಗದು. ಕೆಲವು ಕನ್ವರ್ಟರ್‌ಗಳು ನೇರವಾಗಿ ಮೆಮೊರಿ ಕಾರ್ಡಿಗೆ ಕಡಿಮೆ ದರ್ಜೆಯ ಎಂಪಿ3 ಬರೆಯುತ್ತವೆ, ಮೌನ ಸಿಕ್ಕಲ್ಲೆಲ್ಲ ಫೈಲ್ ತುಂಡರಿಸುತ್ತವೆ. ಹಾಡುವವರು ಉಸಿರು ತೆಗೆದುಕೊಂಡರೂ ಅವಕ್ಕೆ ಹಾಡು ಮುಗಿದಂತೆ.

ಈ ಕೆಲಸದಲ್ಲಿ ಧ್ವನಿಯ ಗುಣಮಟ್ಟ ನಿರ್ಧಾರವಾಗುವುದು ಕಂಪ್ಯೂಟರಿನಲ್ಲಲ್ಲ, ಟೇಪನ್ನು ಓದುವ ಹೆಡ್ಡಿಗೆ ಟೇಪು ತಾಗುವ ಜಾಗದಲ್ಲಿ. ಅಲ್ಲಿ ಕಳೆದುಹೋದದ್ದು ಮತ್ತೆ ಸಿಗುವುದಿಲ್ಲ. ಆದ್ದರಿಂದ ಹಣ, ಸಮಯ, ತಾಳ್ಮೆ ಮೂರನ್ನೂ ಮೊದಲು ಪ್ಲೇಯರ್ ಮೇಲೆ ಸುರಿಯಿರಿ.

ಅದಕ್ಕೂ ಮೊದಲು ಆಯ್ಕೆ. 60 ನಿಮಿಷದ ಕ್ಯಾಸೆಟ್ ನಕಲಾಗಲು 60 ನಿಮಿಷವೇ ಬೇಕು, ವೇಗ ಹೆಚ್ಚಿಸುವ ದಾರಿಯಿಲ್ಲ. ಚಿತ್ರಗೀತೆಗಳಲ್ಲಿ ಹೆಚ್ಚಿನವು ಈಗ ಸ್ಟ್ರೀಮಿಂಗ್ ಆ್ಯಪ್‌ಗಳಲ್ಲೇ ಇವೆ. ಹುಡುಕಿ ನೋಡಿ, ಇದ್ದರೆ ಆ ಕ್ಯಾಸೆಟ್ ಪಕ್ಕಕ್ಕಿಡಿ. ಮನೆಯ ದನಿಗಳಿಗೆ ಮೊದಲ ಸ್ಥಾನ, ನಂತರ ಯಕ್ಷಗಾನ, ತಾಳಮದ್ದಳೆ, ಹರಿಕಥೆ, ಸಣ್ಣ ಕಂಪನಿಗಳ ಜನಪದ ಗೀತೆ. ಇವುಗಳಲ್ಲಿ ಎಷ್ಟೋ ಇನ್ನೆಲ್ಲೂ ಸಿಗುವುದಿಲ್ಲ.

ಕ್ಯಾಸೆಟ್ ಕೈಗೆತ್ತಿಕೊಂಡ ಕೂಡಲೇ ಮಾಡಬೇಕಾದ್ದು ಮೇಲಂಚಿನ ಎರಡು ಪ್ಲಾಸ್ಟಿಕ್ ಎಸಳುಗಳನ್ನು ಮುರಿಯುವುದು. ಅವು ಮುರಿದಿದ್ದರೆ ರೆಕಾರ್ಡ್ ಗುಂಡಿ ಒತ್ತಿದರೂ ಕೆಳಗಿಳಿಯುವುದಿಲ್ಲ. ಅಂಗಡಿಯಲ್ಲಿ ಕೊಂಡ ಕ್ಯಾಸೆಟ್‌ಗಳಲ್ಲಿ ಅವು ಮೊದಲೇ ಇರುವುದಿಲ್ಲ. ಮನೆಯಲ್ಲಿ ತುಂಬಿಸಿದವುಗಳಲ್ಲಿ ಇರುತ್ತವೆ, ಅಳಿಸಿಹೋಗುವ ಅಪಾಯವೂ ಅವಕ್ಕೇ.

ಅಟ್ಟದಿಂದ ಇಳಿಸಿದ ಮೇಲೆ ಒಂದೆರಡು ದಿನ ಸಾಧಾರಣ ಕೋಣೆಯಲ್ಲಿ ಇಡಿ. ನಂತರ ಬೆಳಕಿಗೆ ಹಿಡಿದು ಕಿಟಕಿಯ ಮೂಲಕ ಸುರುಳಿ ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಸ್ಟು. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಇದು ಸಾಮಾನ್ಯ. ಹಾಗೇ ಹಾಕಿದರೆ ಬೂಸ್ಟು ಹೆಡ್ಡಿಗೆ, ಟೇಪನ್ನು ಎಳೆಯುವ ರಬ್ಬರ್ ರೋಲರಿಗೆ ಹತ್ತಿ ಮುಂದಿನ ಕ್ಯಾಸೆಟ್‌ಗೂ ದಾಟುತ್ತದೆ. ಅಂಥವನ್ನು ಬೇರೆ ಚೀಲದಲ್ಲಿಟ್ಟು ಕೊನೆಗೆ ತೆಗೆದುಕೊಳ್ಳಿ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ, ಒಣ ಮೃದು ಬಟ್ಟೆಯ ನಡುವೆ ಟೇಪನ್ನು ನಿಧಾನ ಹಾಯಿಸಿ ಒರೆಸಬೇಕು. ಈ ಕೆಲಸಕ್ಕೆ ಬೇರೆಯದೇ ಒಂದು ಹಳೆಯ ಪ್ಲೇಯರ್ ಮೀಸಲಿಡಿ.

ಕ್ಯಾಸೆಟ್ಟಿನ ಮುಂಬದಿಯ ನಡುವಿನ ಕಿಂಡಿಯಲ್ಲಿ ತಾಮ್ರದ ಪಟ್ಟಿಯ ಮೇಲೆ ಚಿಕ್ಕ ಉಣ್ಣೆಯ ತುಂಡು ಇರಬೇಕು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಅಂಟು ಒಣಗಿ ಅದು ಉದುರಿದ್ದರೆ ದನಿ ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತದೆ. ಐದು ಸ್ಕ್ರೂಗಳಿರುವ ಕ್ಯಾಸೆಟ್ ಆದರೆ ಬಿಚ್ಚಿ, ಕೆಲಸಕ್ಕೆ ಬಾರದ ಇನ್ನೊಂದರ ಪಟ್ಟಿಯನ್ನು ಇದಕ್ಕೆ ಹಾಕಬಹುದು. ಸ್ಕ್ರೂ ಇಲ್ಲದೆ ಅಂಟಿಸಿದ್ದಾದರೆ ಚೌಕಟ್ಟನ್ನು ಅಂಚಿನಲ್ಲಿ ಎಚ್ಚರದಿಂದ ಒಡೆದು ಎರಡೂ ಸುರುಳಿಗಳನ್ನು ಸ್ಕ್ರೂ ಇರುವ ಖಾಲಿ ಚೌಕಟ್ಟಿಗೆ ವರ್ಗಾಯಿಸಿ. ಟೇಪ್ ತುಂಡಾಗಿದ್ದರೆ ಸೆಲ್ಲೋಟೇಪ್ ಬೇಡ. ಅದರ ಅಂಟು ಬಿಸಿಲಿಗೆ ಕರಗಿ ಪಕ್ಕದ ಸುತ್ತುಗಳಿಗೆ ಅಂಟುತ್ತದೆ. ಅದಕ್ಕೆಂದೇ ಸಿಗುವ ಸ್ಪ್ಲೈಸಿಂಗ್ ಟೇಪನ್ನು ಹೆಡ್ಡಿಗೆ ತಾಗದ ಒಳಮೈಗೆ ಅಂಟಿಸಿ. ಎಲ್ಲ ಸರಿಯಿದ್ದರೆ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ. ವರ್ಷಗಟ್ಟಲೆ ಒಂದೇ ಸ್ಥಿತಿಯಲ್ಲಿದ್ದ ಸುರುಳಿಯ ಬಿಗಿ ಇದರಿಂದ ಸಮನಾಗುತ್ತದೆ. 120 ನಿಮಿಷದ ಕ್ಯಾಸೆಟ್‌ಗಳಲ್ಲಿ ಟೇಪು ತೀರಾ ತೆಳು, ಅವನ್ನು ಯಂತ್ರದಲ್ಲಿ ಓಡಿಸದೆ ಪೆನ್ಸಿಲ್ ತೂರಿಸಿ ಕೈಯಲ್ಲೇ ಸುತ್ತಿ.

ಇನ್ನು ಪ್ಲೇಯರ್. ಒಳ್ಳೆಯ ಸ್ಥಿತಿಯ ಹಳೆಯ ಡೆಕ್ (ಸ್ಟೀರಿಯೊ ಸೆಟ್ಟಿಗೆ ಜೋಡಿಸುವ ಕ್ಯಾಸೆಟ್ ಯಂತ್ರ) ಸಿಕ್ಕರೆ ಅದಕ್ಕಿಂತ ಉತ್ತಮವಾದದ್ದಿಲ್ಲ. ಸಿಗದಿದ್ದರೆ ಪರಿಚಯದವರ ಮನೆಯಲ್ಲಿ ಧೂಳು ತಿನ್ನುತ್ತಿರುವ ಫಿಲಿಪ್ಸ್, ಸೋನಿ, ಪ್ಯಾನಾಸೋನಿಕ್ ಟೂ-ಇನ್-ಒನ್ ಕೂಡ ಸಾಕು. ಹಳೆಯದರಲ್ಲಿ ಖಂಡಿತ ಹಾಳಾಗಿರುವುದು ರಬ್ಬರ್ ಬೆಲ್ಟ್. ಸಡಿಲವಾಗಿ ವೇಗ ತಗ್ಗಿರುತ್ತದೆ, ಇಲ್ಲವೇ ಕರಗಿ ಡಾಂಬರಿನಂತಾಗಿರುತ್ತದೆ. ಹಾಗೆ ಕರಗಿದ್ದರೆ ಬೆಲ್ಟ್ ಸುತ್ತುವ ಪುಲ್ಲಿಗೆ ಅಂಟಿದ್ದನ್ನೆಲ್ಲ ಆಲ್ಕೋಹಾಲ್‌ನಿಂದ ಒರೆಸಿ ತೆಗೆದ ಮೇಲೆಯೇ ಹೊಸ ಬೆಲ್ಟ್ ಹಾಕಬೇಕು. ಬೆಂಗಳೂರಾದರೆ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹಳೆಯ ಬೆಲ್ಟ್ ತೋರಿಸಿ ಕೇಳಿ. ಅಳತೆ ಹೊಂದದೆ ತೀರಾ ಬಿಗಿಯಾದದ್ದು ಹಾಕಿದರೆ ಮೋಟರಿಗೆ ಹೊರೆ.

ಹೆಡ್ ಮತ್ತು ಅದರ ಪಕ್ಕದ ತೆಳುವಾದ ಉಕ್ಕಿನ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಉಜ್ಜಿ. ಹತ್ತಿ ಕಂದು ಬಣ್ಣಕ್ಕೆ ತಿರುಗುವುದು ನಿಲ್ಲುವವರೆಗೂ ಬಿಡಬೇಡಿ. ಮೆಡಿಕಲ್ ಅಂಗಡಿಯ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಸೇರಿರುತ್ತದೆ. ರಬ್ಬರ್ ರೋಲರಿಗೆ ಒಂದು ಹನಿ ಪಾತ್ರೆ ಸೋಪು ಬೆರೆಸಿದ ನೀರು ಸಾಕು. ಆಲ್ಕೋಹಾಲ್ ಪದೇಪದೇ ತಾಗಿದರೆ ರಬ್ಬರ್ ಗಟ್ಟಿಯಾಗಬಹುದು. ಸುಮಾರು ಐದು ಕ್ಯಾಸೆಟ್‌ಗೊಮ್ಮೆ ಈ ಶುಚಿ ಮತ್ತೆ ಆಗಲಿ.

ಈಗ ಹೆಚ್ಚಿನವರು ಕೇಳಿಯೇ ಇರದ, ಆದರೆ ಅತಿ ದೊಡ್ಡ ಫಲ ಕೊಡುವ ಹೆಜ್ಜೆ: ಅಜಿಮತ್, ಅಂದರೆ ಹೆಡ್ಡಿನ ಕೋನ ಸರಿಪಡಿಸುವುದು. ಹೆಡ್ಡಿನ ಸೀಳು ಟೇಪು ಚಲಿಸುವ ದಿಕ್ಕಿಗೆ ಕರಾರುವಾಕ್ಕಾಗಿ 90 ಡಿಗ್ರಿಯಲ್ಲಿ ಇರಬೇಕು. ಕ್ಯಾಸೆಟ್ ಟೇಪಿನ ಅಗಲ 4 ಮಿಲಿಮೀಟರಿಗೂ ಕಡಿಮೆ, ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಇಷ್ಟು ನಿಧಾನದಲ್ಲಿ ಏರುಕಂಪನದ ಅಲೆಗಳು ಟೇಪಿನ ಮೇಲೆ ಕೂದಲೆಳೆಗಿಂತ ಕಿರಿದಾಗಿ ಕೂತಿರುತ್ತವೆ. ಹೆಡ್ ಒಂದಿಷ್ಟೇ ಓರೆಯಾದರೂ ಸೀಳಿನ ಮೇಲ್ತುದಿ ಓದುವುದೇ ಬೇರೆ, ಕೆಳತುದಿ ಓದುವುದೇ ಬೇರೆ ಆಗಿ ಅವು ಒಂದನ್ನೊಂದು ಅಳಿಸುತ್ತವೆ. ಸಕಾರ, ಷಕಾರ, ತಾಳದ ಝಣತ್ಕಾರ ಮಾಯ. "ಕ್ಯಾಸೆಟ್ ಹಳೆಯದಾಗಿ ದನಿ ಮಂಕಾಗಿದೆ" ಎಂದು ಜನ ಹೇಳುವಾಗ ಎಷ್ಟೋ ಬಾರಿ ಟೇಪು ಚೆನ್ನಾಗಿಯೇ ಇರುತ್ತದೆ, ಓರೆಯಾಗಿರುವುದು ಹೆಡ್ಡು.

ಹೆಡ್ಡನ್ನು ಹಿಡಿದಿರುವ ಎರಡು ಸ್ಕ್ರೂಗಳಲ್ಲಿ ಸ್ಪ್ರಿಂಗ್ ಇರುವುದೇ ತಿರುಗಿಸಬೇಕಾದದ್ದು. ಹಲವು ಪ್ಲೇಯರ್‌ಗಳಲ್ಲಿ ಹಾಡು ಓಡುತ್ತಿರುವಾಗ ಅದರ ನೇರಕ್ಕೆ ಚಿಕ್ಕ ತೂತು ಸಿಗುತ್ತದೆ. ಈಗಿನ ಸ್ಥಾನವನ್ನು ಮೊದಲು ಮಾರ್ಕರ್‌ನಿಂದ ಗುರುತು ಮಾಡಿ. ಸಣ್ಣ ಸ್ಕ್ರೂಡ್ರೈವರ್‌ನಿಂದ ಎಡಕ್ಕೆ, ಬಲಕ್ಕೆ ಕಾಲು ಸುತ್ತು ಮೀರದಂತೆ ನಿಧಾನ ತಿರುಗಿಸುತ್ತ ಹೆಡ್‌ಫೋನ್‌ನಲ್ಲಿ ಕೇಳಿ. ದನಿ ಹಠಾತ್ತನೆ ತಿಳಿಯಾಗುವ ಒಂದು ಬಿಂದು ಇದೆ, ಅಲ್ಲಿ ನಿಲ್ಲಿಸಿ. ಎರಡೂ ಚಾನೆಲ್ ಕೂಡಿಸಿ ಮೋನೋದಲ್ಲಿ ಕೇಳಿದರೆ ಆ ಬಿಂದು ಇನ್ನೂ ಸ್ಪಷ್ಟ. ಇದನ್ನು ಪ್ರತಿ ಕ್ಯಾಸೆಟ್ಟಿಗೂ ನೋಡಬೇಕು, ಏಕೆಂದರೆ ಪ್ರತಿಯೊಂದೂ ಬೇರೆ ಯಂತ್ರದಲ್ಲಿ ತುಂಬಿದ್ದು. ತಾನಾಗಿ ಮಗ್ಗುಲು ಬದಲಿಸುವ ಆಟೋ-ರಿವರ್ಸ್ ಯಂತ್ರಗಳಲ್ಲಿ ಎರಡು ದಿಕ್ಕಿಗೂ ಹೊಂದಿಕೆ ಬೇರೆ ಇರುವುದರಿಂದ ಅಂಥದ್ದನ್ನು ಈ ಕೆಲಸಕ್ಕೆ ಆರಿಸಬೇಡಿ.

ಇಲ್ಲೇ ಇನ್ನೊಂದು ಮಾತು. ಅಜ್ಜಿಯ ಹಾಡುಗಳು ರೆಕಾರ್ಡ್ ಆದ ಅದೇ ಟೂ-ಇನ್-ಒನ್ ಮನೆಯಲ್ಲಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಅದರ ಹೆಡ್ ಓರೆಯಾಗಿದ್ದರೆ ರೆಕಾರ್ಡಿಂಗೂ ಅಷ್ಟೇ ಓರೆಯಲ್ಲಿ ಆಗಿರುತ್ತದೆ. ಬೆಲ್ಟ್ ಬದಲಿಸಿ ಅದರಲ್ಲೇ ಹಾಕಿದರೆ ಹೊಂದಿಕೆ ತಾನಾಗಿ ಕೂಡುತ್ತದೆ. ಆ ಯಂತ್ರದ ಸ್ಕ್ರೂ ಮಾತ್ರ ಮುಟ್ಟಬೇಡಿ.

ಪ್ಲೇಯರಿನಲ್ಲಿ ಟೋನ್ ನಡುವಿನಲ್ಲಿ, ಬಾಸ್ ಬೂಸ್ಟ್ ಬಂದ್. ಕ್ಯಾಸೆಟ್ ಅಥವಾ ಅದರ ಕಾಗದದ ಮೇಲೆ ಜೋಡಿ ಡಿ ಅಕ್ಷರದ ಡಾಲ್ಬಿ ಗುರುತಿದ್ದರೆ ಮಾತ್ರ ಟೇಪಿನ ಗದ್ದಲ ತಗ್ಗಿಸುವ ಡಾಲ್ಬಿ ಗುಂಡಿ ಒತ್ತಿ. ಗುರುತಿಲ್ಲದ್ದಕ್ಕೆ ಒತ್ತಿದರೆ ಮೇಲಿನ ಸ್ವರಗಳು ಸಾಯುತ್ತವೆ.

ಕಂಪ್ಯೂಟರಿಗೆ ಜೋಡಿಸುವಾಗ ಹೆಚ್ಚು ಜನ ಎಡವುವುದು ಒಂದೇ ಕಡೆ. ಈಗಿನ ಲ್ಯಾಪ್‌ಟಾಪಿನಲ್ಲಿರುವ ಒಂಟಿ ರಂಧ್ರ ಹೆಡ್‌ಸೆಟ್ಟಿಗಾಗಿ ಇರುವುದು. ಅದರ ಒಳದಾರಿ ಮೈಕ್ ಮಟ್ಟದ್ದು, ಅದೂ ಮೋನೋ. ಪ್ಲೇಯರಿನ ದನಿ ಅಲ್ಲಿಗೆ ಹೋದರೆ ಒಡೆಯುತ್ತದೆ. ಗುಲಾಬಿ ರಂಧ್ರದ ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡುಗಳ ಕಥೆಯೂ ಸಾಮಾನ್ಯವಾಗಿ ಇದೇ. ನಿಮಗೆ ಬೇಕಾದ್ದು ಸ್ಟೀರಿಯೊ ಲೈನ್-ಇನ್ (ಪ್ಲೇಯರಿನ ಎಡ, ಬಲ ಎರಡೂ ದನಿ ತೆಗೆದುಕೊಳ್ಳುವ ರಂಧ್ರ) ಇರುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಅಂದರೆ ಆ ದನಿಯನ್ನು ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆ. ಬೆಹ್ರಿಂಗರ್ ಯುಸಿಎ202 ನಂಥ ಸರಳ ಪೆಟ್ಟಿಗೆ ಸಾಕು. ಅದು 16 ಬಿಟ್ ಮಾತ್ರ ಎಂದು ಹಿಂಜರಿಯಬೇಡಿ, ಟೇಪಿನಲ್ಲಿರುವ ಸದ್ದಿನ ವ್ಯಾಪ್ತಿಗೆ 16 ಬಿಟ್ ಧಾರಾಳ. ಪ್ಲೇಯರಿಗೆ ಲೈನ್-ಔಟ್ ಇದ್ದರೆ ಅಲ್ಲಿಂದ, ಇಲ್ಲದಿದ್ದರೆ ಹೆಡ್‌ಫೋನ್ ರಂಧ್ರದಿಂದ, 3.5 ಮಿಲಿಮೀಟರ್ ಸ್ಟೀರಿಯೊ ಪಿನ್ನಿನಿಂದ ಎರಡು ಆರ್‌ಸಿಎ ಪಿನ್ನಿಗೆ ಹೋಗುವ ವೈರ್ ಎಳೆಯಿರಿ. ಹೆಡ್‌ಫೋನ್ ರಂಧ್ರವಾದರೆ ವಾಲ್ಯೂಮ್ ಅರ್ಧಕ್ಕಿಂತ ಕೆಳಗಿಂದ ಶುರು ಮಾಡಿ. ಗುಂಯ್ ಎಂಬ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆಯಿರಿ. ಆಗಲೂ ನಿಲ್ಲದಿದ್ದರೆ ಟೂ-ಇನ್-ಒನ್ನನ್ನು ಕರೆಂಟಿನ ಬದಲು ಸೆಲ್ ಹಾಕಿ ನಡೆಸಿ.

ಸಾಫ್ಟ್‌ವೇರ್ ಆಡಾಸಿಟಿ, ಉಚಿತ. ಇನ್‌ಪುಟ್ ಆಗಿ ಯುಎಸ್‌ಬಿ ಪೆಟ್ಟಿಗೆ, ಚಾನೆಲ್ ಸ್ಟೀರಿಯೊ, ದರ 44100 ಹರ್ಟ್ಸ್. ಕ್ಯಾಸೆಟ್ಟಿನ ಅತಿ ಜೋರಾದ ಭಾಗ ಹಾಕಿ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಂತೆ ಮಟ್ಟ ಇಡಿ. ಯಕ್ಷಗಾನಕ್ಕೆ ಮೈನಸ್ 10ರವರೆಗೂ ಇಳಿಸಿ, ಭಾಗವತರ ಪದದ ನಡುವೆ ಚೆಂಡೆ ಒಮ್ಮೆಲೇ ಎರಗುವಾಗ ಮೀಟರಿನ ಅಂದಾಜು ತಪ್ಪುತ್ತದೆ. ಸೊನ್ನೆ ಮುಟ್ಟಿ ಕತ್ತರಿಸಿಹೋದ ಸದ್ದನ್ನು ಸರಿಪಡಿಸುವುದಕ್ಕಿಂತ ಆ ಮಗ್ಗುಲನ್ನು ಮತ್ತೆ ನಕಲಿಸುವುದು ಲೇಸು.

ಒಂದು ಮಗ್ಗುಲು ಮುಗಿದ ಕೂಡಲೇ, ಏನನ್ನೂ ಕತ್ತರಿಸದೆ, ಫ್ಲ್ಯಾಕ್ (FLAC) ಫೈಲ್ ಆಗಿ ರಫ್ತು ಮಾಡಿ. ಇದು ಮೂಲ ಪ್ರತಿ. ವೇವ್ (WAV) ಆದರೆ 16 ಬಿಟ್‌ನಲ್ಲಿ 60 ನಿಮಿಷಕ್ಕೆ ಸುಮಾರು 635 ಎಂಬಿ, ಫ್ಲ್ಯಾಕ್ ಸಾಮಾನ್ಯವಾಗಿ ಅದಕ್ಕಿಂತ ಸಾಕಷ್ಟು ಕಡಿಮೆ, ಗುಣದಲ್ಲಿ ಕಳೆಯುವುದು ಏನೂ ಇಲ್ಲ. ಸ್ವಚ್ಛ ಮಾಡುವುದು, ತುಂಡು ಮಾಡುವುದು, ಎಂಪಿ3 ಮಾಡುವುದು ಎಲ್ಲ ಇದರ ನಕಲಿನ ಮೇಲೆ. ಮೂಲವನ್ನು ಎರಡು ಬೇರೆ ಡಿಸ್ಕ್‌ಗಳಲ್ಲಿಡಿ, ಒಂದು ಬೇರೆ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು.

ನಾಯ್ಸ್ ರಿಡಕ್ಷನ್ (ಗದ್ದಲ ತಗ್ಗಿಸುವ ಎಫೆಕ್ಟ್) ವಿಷಯದಲ್ಲಿ ನನ್ನ ಅಭಿಪ್ರಾಯ ಕಟ್ಟುನಿಟ್ಟು: 6 ಡೆಸಿಬೆಲ್, ಅದಕ್ಕಿಂತ ಹೆಚ್ಚು ಬೇಡ. ಮಾದರಿಗಾಗಿ ಹಾಡು ಶುರುವಾಗುವ ಮುನ್ನ ಬರೀ ಟೇಪಿನ ಹಿಸ್ (ಸ್ಸ್ ಎಂಬ ಸದ್ದು) ಇರುವ ಒಂದೆರಡು ಸೆಕೆಂಡು ಆರಿಸಿ. ಅದರಲ್ಲಿ ತಂಬೂರಿ ಅಥವಾ ಶ್ರುತಿಪೆಟ್ಟಿಗೆಯ ಸದ್ದು ಸೇರಿದ್ದರೆ ಸಾಫ್ಟ್‌ವೇರ್ ಶ್ರುತಿಯನ್ನೇ ಗದ್ದಲವೆಂದು ತಿಳಿದು ಹಾಡಿನುದ್ದಕ್ಕೂ ಕೆರೆದು ತೆಗೆಯುತ್ತದೆ. 15, 20 ಡೆಸಿಬೆಲ್ ಕೊಟ್ಟವರ ಕಡತಗಳಲ್ಲಿ ದನಿ ನೀರೊಳಗಿಂದ ಬಂದಂತಿರುತ್ತದೆ. ಹಿಸ್ ಕಿವಿಗೆ ಒಂದು ನಿಮಿಷದಲ್ಲಿ ಒಗ್ಗಿಹೋಗುತ್ತದೆ, ಆ ನೀರುದನಿ ಒಗ್ಗುವುದೇ ಇಲ್ಲ.

ವೇಗ ತಪ್ಪಿದ ರೆಕಾರ್ಡಿಂಗ್‌ಗೆ ಒಂದು ಉಪಾಯವಿದೆ. ಹಳೆಯ ಯಂತ್ರ ಕರೆಂಟಿನಲ್ಲಿ ರೆಕಾರ್ಡ್ ಮಾಡಿದ್ದರೆ ಟೇಪಿನಲ್ಲೇ ಕರೆಂಟಿನ 50 ಹರ್ಟ್ಸ್‌ನ ಗುಂಯ್ ಸೇರಿರಬಹುದು. ಪ್ಲೇಯರನ್ನು ಸೆಲ್ ಮೇಲೆ ನಡೆಸಿ ನಕಲು ಮಾಡಿ, ಆಡಾಸಿಟಿಯ ಪ್ಲಾಟ್ ಸ್ಪೆಕ್ಟ್ರಂನಲ್ಲಿ (ಯಾವ ಹರ್ಟ್ಸ್‌ನಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ನಕ್ಷೆ) ದೊಡ್ಡ ಸೈಜ್ ಆರಿಸಿ ನೋಡಿ. ಗುಂಯ್ 48.5ರಲ್ಲಿ ಕಂಡರೆ ಟೇಪು ನಿಧಾನವಾಗಿ ಓಡಿದೆ ಎಂದರ್ಥ. ವೇಗ ಬದಲಿಸುವ ಎಫೆಕ್ಟ್‌ನಲ್ಲಿ 3.1 ಶೇಕಡಾ ಹೆಚ್ಚಿಸಿದರೆ ಶ್ರುತಿ, ಲಯ ಎರಡೂ ಸ್ವಸ್ಥಾನಕ್ಕೆ ಬರುತ್ತವೆ. ಟೆಂಪೊ ಮಾತ್ರ ಬದಲಿಸುವ ಎಫೆಕ್ಟ್ ಇದಕ್ಕೆ ತಪ್ಪು.

ಕೇಳುವ ಪ್ರತಿಗೆ 256 ಕೆಬಿಪಿಎಸ್ ಎಂಪಿ3 ಸಾಕು, ಒಂದು ಗಂಟೆಗೆ ಸುಮಾರು 115 ಎಂಬಿ. ಟ್ಯಾಗಿನಲ್ಲಿ (ಫೈಲಿನೊಳಗೆ ಬರೆಯುವ ಹಾಡಿನ, ಹಾಡಿದವರ ಹೆಸರು) ಕನ್ನಡ ಅಕ್ಷರ ಧಾರಾಳವಾಗಿ ಬಳಸಿ. ಆದರೆ ಹಳೆಯ ಕಾರ್ ಸ್ಟೀರಿಯೊಗಳು ಅದನ್ನು ಚೌಕಗಳಾಗಿ ತೋರಿಸುತ್ತವೆ, ಪೆನ್‌ಡ್ರೈವ್ ಪ್ರತಿಗೆ ಫೈಲಿನ ಹೆಸರನ್ನು 01, 02 ಎಂದು ಅಂಕಿಯಿಂದ ಶುರು ಮಾಡಿ ಇಂಗ್ಲಿಷ್ ಲಿಪಿಯಲ್ಲಿಡಿ. ನೆಂಟರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಫೈಲು ಇದ್ದಂತೆಯೇ ತಲುಪುತ್ತದೆ.

ಕಂಪನಿಗಳ ಕ್ಯಾಸೆಟ್‌ಗಳನ್ನು ಯೂಟ್ಯೂಬಿಗೆ ಏರಿಸುವ ಮುನ್ನ ಯೋಚಿಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ, ಅಂದರೆ 1980, 90ರ ದಶಕದ ಕ್ಯಾಸೆಟ್‌ಗಳೆಲ್ಲ ಇನ್ನೂ ಯಾರದೋ ಹಕ್ಕಿನಲ್ಲಿವೆ. ಮನೆಯಲ್ಲಿ ಕೇಳಲು ನಕಲು ಇಟ್ಟುಕೊಳ್ಳುವುದು ಬೇರೆ, ಲೋಕಕ್ಕೆ ಹಂಚುವುದು ಬೇರೆ.

ನಿಮ್ಮ ಪ್ಲೇಯರಿನ ಹಿಂಬದಿಯ ಮತ್ತು ಕ್ಯಾಸೆಟ್ ಬಾಗಿಲು ತೆರೆದಾಗ ಕಾಣುವ ಹೆಡ್ಡಿನ ಫೋಟೋ ಹಾಕಿದರೆ, ಯಾವ ರಂಧ್ರದಿಂದ ವೈರ್ ತೆಗೆಯಬೇಕು, ಯಾವ ಸ್ಕ್ರೂ ತಿರುಗಿಸಬೇಕು ಎಂದು ತೋರಿಸುತ್ತೇನೆ.