ನಾಲ್ಕು ಲಕ್ಷ ಜನರಿಗೊಂದು ಟಿವಿ ಬೇಕಾ?

ಶಹಾಪುರದ ಓದುಗರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ಐಸ್‌ಲ್ಯಾಂಡಿನ ಸಾರ್ವಜನಿಕ ರೇಡಿಯೋ, ಟಿವಿಯನ್ನು ಹೊಗಳಿದ್ದೀರಿ. ನಾಲ್ಕು ಲಕ್ಷ ಜನವೂ ಇಲ್ಲದ ದೇಶಕ್ಕೆ ಇಷ್ಟೆಲ್ಲ ಖರ್ಚು ಯಾಕೆ? ಮೊಬೈಲಿನಲ್ಲಿ ಎಲ್ಲವೂ ಪುಕ್ಕಟೆ ಸಿಗುವಾಗ ಇದು ಸುಮ್ನೆ ತೆರಿಗೆ ಹಣ ಪೋಲು ಮಾಡಿದಂತೆ ಅಲ್ವಾ? ನಮ್ಮ ಕಲಬುರಗಿ ಆಕಾಶವಾಣಿಗೂ ಇದೇ ಮಾತು."

ಸಂಪಾದಕರ ಉತ್ತರ:

ನಿಮ್ಮ ಲೆಕ್ಕ ಖರೆ ಸರ್. 2011ರ ಜನಗಣತಿಯಲ್ಲಿ ನಿಮ್ಮ ಯಾದಗಿರಿ ಜಿಲ್ಲೆಯೊಂದರಲ್ಲೇ 11 ಲಕ್ಷಕ್ಕಿಂತ ಜಾಸ್ತಿ ಜನರಿದ್ದರು. ಇಡೀ ಐಸ್‌ಲ್ಯಾಂಡ್ ಅದರ ಮೂರನೇ ಒಂದು ಪಾಲಿನಷ್ಟು. ಆದರೆ ಕೇಳುವವರು ಕಡಿಮೆ ಎಂದು ವಾರ್ತೆ ಓದುವವರ ಸಂಬಳವಾಗಲಿ, ಟ್ರಾನ್ಸ್‌ಮಿಟರಿನ ಬೆಲೆಯಾಗಲಿ ಇಳಿಯುವುದಿಲ್ಲ. ತಲೆ ಎಣಿಸುವವರು ಜಾಹೀರಾತು ಕೊಡುವವರು. ಹಾಗಾಗಿ ಸಣ್ಣ ಭಾಷೆಯಲ್ಲಿ ನಾಟಕ, ಮಕ್ಕಳ ಕಾರ್ಯಕ್ರಮ ಮಾಡಲು ಖಾಸಗಿಯವರು ಹಿಂದೆಮುಂದೆ ನೋಡುತ್ತಾರೆ.

ಮೊಬೈಲಿನ ಪ್ರಶ್ನೆ ಹೊಸದಲ್ಲ. ಐಸ್‌ಲ್ಯಾಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ ರೂವ್ ರೇಡಿಯೋ ಶುರು ಮಾಡಿದ್ದು 1930ರಲ್ಲಿ. ಟಿವಿ ಮಾತ್ರ ಇರಲಿಲ್ಲ. 1955ರಲ್ಲಿ ಕೆಫ್ಲಾವಿಕ್‌ನ ಅಮೆರಿಕದ ಸೇನಾನೆಲೆ ತನ್ನ ಸೈನಿಕರಿಗಾಗಿ ಟಿವಿ ಹಾಕಿತು. ಸುತ್ತಲಿನ ಜನ ಆಂಟೆನಾ ಕಟ್ಟಿಕೊಂಡು ಅದನ್ನೇ ನೋಡತೊಡಗಿದರು. ಇಂಗ್ಲಿಷಿನಲ್ಲಿ, ಪುಕ್ಕಟೆಯಾಗಿ. 1964ರಲ್ಲಿ 60 ಜನ ಗಣ್ಯರು ಇದನ್ನು ಸೇನಾನೆಲೆಯ ಒಳಗೇ ಇಟ್ಟುಕೊಳ್ಳಲಿ ಎಂದು ಸಂಸತ್ತಿಗೆ ಮನವಿ ಕೊಟ್ಟರು. ಬಿಟ್ಟಿ ಬರುವುದನ್ನು ಯಾಕೆ ತಡೆಯುತ್ತೀರಿ ಎಂದು ಬೈದವರೂ ಇದ್ದರು. ಬೈದವರ ಮಾತಿನಲ್ಲೂ ಹುರುಳಿತ್ತು ಎನ್ನಿ. ತಮ್ಮ ಭಾಷೆಯಲ್ಲಿ ನೋಡಲು ಏನೂ ಇಲ್ಲದಿದ್ದರೆ ಜನ ಏನು ಮಾಡಬೇಕು? 1966ರ ಸೆಪ್ಟೆಂಬರ್ 30ಕ್ಕೆ ರೂವ್ ಟಿವಿ ಶುರುವಾಯಿತು. ಗುರುವಾರ ರಜೆ, ಜುಲೈ ತಿಂಗಳಿಡೀ ರಜೆ! ಜುಲೈ ರಜೆ 1983ರವರೆಗೆ ನಡೆಯಿತು. 1986ರಲ್ಲಿ ಖಾಸಗಿ ಚಾನೆಲ್ ಬಂದ ಮೇಲೆ, ಮರುವರ್ಷ ಗುರುವಾರದ ರಜೆಯೂ ಹೋಯಿತು. ಆ ಗುರುವಾರ ನಮಗೂ ಇದ್ದಿದ್ದರೆ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಅದೇ 1966ರಲ್ಲಿ ಕಲಬುರಗಿಗೆ ಆಕಾಶವಾಣಿ ಬಂತು. ನಮ್ಮ ಟಿವಿಯ ಕಥೆ ಇನ್ನೂ ವಿಚಿತ್ರ. 1975ರ ಆಗಸ್ಟ್‌ನಲ್ಲಿ, ಬೆಂಗಳೂರಿನಲ್ಲೇ ಟಿವಿ ಇಲ್ಲದ ಕಾಲದಲ್ಲಿ, ಕಲಬುರಗಿ, ರಾಯಚೂರು, ವಿಜಯಪುರ ಭಾಗದ ಹಳ್ಳಿಗಳಿಗೆ ಉಪಗ್ರಹದಿಂದ ನೇರ ಟಿವಿ ಬಂತು. ಅದು ಸೈಟ್ ಎಂಬ ಪ್ರಯೋಗ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿದ್ದವು. ಕನ್ನಡ ಕಾರ್ಯಕ್ರಮ ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಉಪಗ್ರಹ ಅಮೆರಿಕದ ನಾಸಾದ್ದು. ಒಂದು ವರ್ಷಕ್ಕೆ ವಾಯಿದೆ ಮುಗಿಯಿತು, ಅವರು ಅದನ್ನು ವಾಪಸ್ ತೆಗೆದುಕೊಂಡರು. 1977ರಲ್ಲಿ ಕಲಬುರಗಿಯಲ್ಲೇ ಟ್ರಾನ್ಸ್‌ಮಿಟರ್ ನಿಂತಿತು.

ಐಸ್‌ಲ್ಯಾಂಡಿಗೂ ನಮಗೂ ವ್ಯತ್ಯಾಸ ಇರುವುದು ಇಲ್ಲಿ. ನಮ್ಮಲ್ಲಿ ಜನ ಜಾಸ್ತಿ, ಆದರೆ ಬೀಗದ ಕೈ ಬೇರೆ ಊರಲ್ಲಿ. ಅಲ್ಲಿ 2009ರಿಂದ 16ರಿಂದ 70 ವರ್ಷದೊಳಗಿನ, ಗೊತ್ತುಮಾಡಿದ ಮಿತಿಗಿಂತ ಜಾಸ್ತಿ ಆದಾಯ ಇರುವ ಪ್ರತಿಯೊಬ್ಬರೂ ರೂವ್‌ಗೆಂದೇ ಒಂದು ತೆರಿಗೆ ಕಟ್ಟುತ್ತಾರೆ. ಕಟ್ಟಿದವರು ಬೈಯಲೂ ಹಕ್ಕುದಾರರು, ಬೈಯುತ್ತಾರೆ ಕೂಡ. ತೆರಿಗೆಯ ಜೊತೆ ಜಾಹೀರಾತೂ ಯಾಕೆ ಎಂದು ಖಾಸಗಿಯವರ ತಕರಾರು. ಆಡಳಿತ ಮಂಡಳಿಯನ್ನು ಸಂಸತ್ತೇ ಆರಿಸುವುದರಿಂದ ಪಕ್ಷಗಳ ನೆರಳೂ ತಪ್ಪಿಲ್ಲ. ನಮ್ಮಲ್ಲಿ ಆಕಾಶವಾಣಿ, ದೂರದರ್ಶನ ನಡೆಸುವ ಪ್ರಸಾರ ಭಾರತಿಯ ಕಾಯ್ದೆ ಆದದ್ದು 1990ರಲ್ಲಿ, ಜಾರಿಗೆ ಬಂದದ್ದು 1997ರಲ್ಲಿ. ಹೆಸರಿಗೆ ಸ್ವಾಯತ್ತ ಸಂಸ್ಥೆ, ಸಂಬಳದ ದುಡ್ಡು ಮಾತ್ರ ದೆಹಲಿಯ ಅನುದಾನ.

2023ರ ನವೆಂಬರ್‌ನಲ್ಲಿ ಐಸ್‌ಲ್ಯಾಂಡಿನ ಗ್ರಿಂಡಾವಿಕ್ ಎಂಬ ಊರಿನ ಕೆಳಗೆ ಕಾದು ಕರಗಿದ ಶಿಲಾರಸ ನುಗ್ಗುತ್ತಿದೆ ಎಂದು ಒಂದೇ ರಾತ್ರಿ ಊರು ಖಾಲಿ ಮಾಡಿಸಿದರು. ಅಂಥ ರಾತ್ರಿ ಯಾವ ರಸ್ತೆ ಬಂದ್, ಎಲ್ಲಿ ಹೋಗಬೇಕು ಎಂಬುದನ್ನು ಹೊರದೇಶದ ಆ್ಯಪ್ ಹೇಳುತ್ತದಾ? ಉಜನಿ ಜಲಾಶಯದಿಂದ ನೀರು ಬಿಟ್ಟಾಗ ಅಫಜಲಪುರದಲ್ಲಿ ಭೀಮಾ ದಂಡೆಯ ರೈತನಿಗೆ ಬೇಕಾದ್ದೂ ಇಂಥದೇ ಸುದ್ದಿ. ಬೆಂಗಳೂರಿನ ಚಾನೆಲ್‌ಗಳಿಗೆ ಅದು ಹೊಲ ಮುಳುಗಿದ ಮೇಲಿನ ದೃಶ್ಯ.

ಕಲಬುರಗಿ ಕೇಂದ್ರ ಮುಚ್ಚಿದರೆ ಉಳಿಯುವ ದುಡ್ಡು ಶಹಾಪುರಕ್ಕೇನೂ ಬರುವುದಿಲ್ಲ. ನಿಮ್ಮ ಊರು ರಾಯಚೂರು ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಕಲಬುರಗಿ ಕೇಂದ್ರಕ್ಕೆ ವರ್ಷಕ್ಕೆ ಎಷ್ಟು ಹಣ, ಎಷ್ಟು ಕಾಯಂ ಸಿಬ್ಬಂದಿ, ಇಲ್ಲೇ ತಯಾರಾಗುವ ಕಾರ್ಯಕ್ರಮ ದಿನಕ್ಕೆ ಎಷ್ಟು ಗಂಟೆ ಎಂದು ಸಂಸತ್ತಿನಲ್ಲಿ ಕೇಳಿರೆಂದು ನಿಮ್ಮ ಸಂಸದರಿಗೆ ಬರೆಯಿರಿ. ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳಿಸಿ, ಪೂರ್ತಿ ಅಚ್ಚು ಹಾಕುತ್ತೇವೆ.